ನೋಡದೆ ಹಾಕಿದ ಅಂಕ: ವೈದ್ಯ ಶಿಕ್ಷಕ ಹೊವರ್ಡ್ ಬ್ಯಾರೋಸ್ ಅವರಿಂದ ಬೋಧನಾಭ್ಯಾಸಕ್ಕೆ ಒಂದು ಪಾಠ

ಕಳೆದ ವರ್ಷದ ಬೋಧನಾಭ್ಯಾಸದ ಅವಧಿಯಲ್ಲಿ ನಡೆದ ಒಂದು ಸಣ್ಣ ಘಟನೆಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಆರನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿನಿಯೊಬ್ಬರು ಭಿನ್ನರಾಶಿಗಳ ಹೋಲಿಕೆಯ ಪಾಠ ಮಾಡುತ್ತಿದ್ದರು. ಅದೇ ಅವಧಿಯಲ್ಲಿ ಇನ್ನೆರಡು ಕೊಠಡಿಗಳಲ್ಲಿಯೂ ಪಾಠಗಳಿದ್ದವು. ಹಾಗಾಗಿ ನಾನು ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತದ್ದು ಹತ್ತು ನಿಮಿಷ ಮಾತ್ರ. ಪಾಠ ಯೋಜನೆ ಅಚ್ಚುಕಟ್ಟಾಗಿತ್ತು, ಚಾರ್ಟು ಸಿದ್ಧವಿತ್ತು, ಕಪ್ಪುಹಲಗೆಯ ಬರವಣಿಗೆ ದುಂಡಾಗಿತ್ತು. ಅವಲೋಕನ ಪುಸ್ತಕದಲ್ಲಿ ‘ಪೀಠಿಕೆ ಚೆನ್ನಾಗಿದೆ, ಉತ್ತಮ’ ಎಂದು ಬರೆದು ಸಹಿ ಮಾಡಿ ಮುಂದಿನ ಕೊಠಡಿಗೆ ಹೋದೆ.

ಸಂಜೆ ಆಕೆ ಪುಸ್ತಕ ಹಿಡಿದು ಬಂದರು. “ಮೇಡಂ, ನೀವು ಹೋದ ಮೇಲೆ ಒಬ್ಬ ಹುಡುಗ ಎದ್ದು ಮೂರನೇ ಒಂದಕ್ಕಿಂತ ನಾಲ್ಕನೇ ಒಂದೇ ದೊಡ್ಡದು ಅಂದ. ನಾನು ತಪ್ಪು, ಕೂತ್ಕೋ ಅಂದುಬಿಟ್ಟೆ. ಆಮೇಲೆ ಅವನು ಬಾಯೇ ಬಿಡಲಿಲ್ಲ. ಅಲ್ಲಿ ನಾನು ಏನು ಮಾಡಬೇಕಿತ್ತು ಅಂತ ಈಗಲೂ ಗೊತ್ತಾಗ್ತಿಲ್ಲ. ನೀವು ಉತ್ತಮ ಅಂತ ಬರೆದಿದ್ದೀರಿ,” ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ, ಗೊಂದಲವಿತ್ತು. ಆ ಪಾಠದಲ್ಲಿ ನಿಜವಾಗಿ ನೋಡಬೇಕಾಗಿದ್ದ ಕ್ಷಣ ನಾನು ಎದ್ದುಹೋದ ಮೇಲೆ ಬಂದಿತ್ತು. ನಾನು ಅಂಕ ಹಾಕಿದ್ದು ಪಾಠಕ್ಕಲ್ಲ, ಪಾಠದ ಸಿದ್ಧತೆಗೆ.

ಇದೇ ಪ್ರಶ್ನೆಯನ್ನು ಆರು ದಶಕಗಳ ಹಿಂದೆ ಒಬ್ಬ ವೈದ್ಯರು ತಮ್ಮ ವೃತ್ತಿಯಲ್ಲಿ ಎದುರಿಸಿದರು. ಶಿಷ್ಯ ರೋಗಿಯನ್ನು ಪರೀಕ್ಷಿಸುವುದನ್ನು ಕಣ್ಣಾರೆ ನೋಡದೆ ಅವನು ಒಳ್ಳೆಯ ವೈದ್ಯನಾಗುತ್ತಾನೆ ಎಂದು ನಾವು ಹೇಗೆ ಹೇಳುತ್ತೇವೆ? ಅವರ ಹೆಸರು ಹೊವರ್ಡ್ ಬ್ಯಾರೋಸ್ (1928–2011). ಅಮೆರಿಕದ ನರರೋಗ ತಜ್ಞರಾದ ಅವರು ತಮ್ಮ ವೃತ್ತಿಜೀವನದ ಬಹುಭಾಗವನ್ನು ಈ ಪ್ರಶ್ನೆಗೆ ಕೊಟ್ಟರು. ‘ಸಮಸ್ಯಾಧಾರಿತ ಕಲಿಕೆ’ ಎಂಬ ಪದವನ್ನು ಬಿ.ಎಡ್. ಪಠ್ಯದಲ್ಲಿ ಓದಿರುವ ನಮ್ಮಲ್ಲಿ ಅನೇಕರಿಗೆ ಅದರ ಹಿಂದಿರುವ ಈ ವ್ಯಕ್ತಿಯ ಪರಿಚಯವಿಲ್ಲ. ಅವರ ಕೆಲಸದ ಪರಿಚಯವನ್ನೂ ನಮ್ಮ ಬೋಧನಾಭ್ಯಾಸಕ್ಕೆ ಅದರಿಂದ ಆಗುವ ಉಪಯೋಗವನ್ನೂ ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ಪ್ರಶ್ನೆ ಹುಟ್ಟಿದ್ದು ಹೇಗೆ?

ವೈದ್ಯಕೀಯ ವಿದ್ಯಾರ್ಥಿ ವಾರ್ಡಿಗೆ ಹೋಗುತ್ತಾನೆ, ರೋಗಿಯ ಜೊತೆ ಮಾತನಾಡುತ್ತಾನೆ, ದೇಹವನ್ನು ಪರೀಕ್ಷಿಸುತ್ತಾನೆ, ಕಂಡದ್ದನ್ನು ಬರೆದುಕೊಂಡು ಬಂದು ಪ್ರಾಧ್ಯಾಪಕರ ಮುಂದೆ ಒಪ್ಪಿಸುತ್ತಾನೆ. ಪ್ರಾಧ್ಯಾಪಕರು ಆ ವರದಿಯನ್ನು ಕೇಳಿ ಪ್ರಶ್ನೆ ಹಾಕುತ್ತಾರೆ, ಅಂಕ ಕೊಡುತ್ತಾರೆ. ಬ್ಯಾರೋಸ್ ಕಲಿತ ಕಾಲದಲ್ಲಿ ಇದೇ ಸಾಮಾನ್ಯ ಪದ್ಧತಿ. ಇಲ್ಲಿ ಪ್ರಾಧ್ಯಾಪಕರು ನೋಡಿದ್ದು ವರದಿಯನ್ನು, ಪರೀಕ್ಷೆಯನ್ನಲ್ಲ. ವಿದ್ಯಾರ್ಥಿ ರೋಗಿಯ ಮೊಣಕಾಲಿಗೆ ಸರಿಯಾದ ಜಾಗದಲ್ಲಿ ತಟ್ಟಿದನೋ ಇಲ್ಲವೋ, ರೋಗಿಯ ಮಾತನ್ನು ಅರ್ಧಕ್ಕೆ ತಡೆದನೋ, ಮುಖ ನೋಡಿ ಮಾತನಾಡಿದನೋ, ಇದು ಯಾವುದೂ ವರದಿಯಲ್ಲಿ ಬರುವುದಿಲ್ಲ.

ನ್ಯೂಯಾರ್ಕಿನಲ್ಲಿ ತರಬೇತಿಯಲ್ಲಿದ್ದಾಗ ಬ್ಯಾರೋಸ್ ಡೇವಿಡ್ ಸೀಗಲ್ ಎಂಬ ಹಿರಿಯ ವೈದ್ಯರ ರೀತಿಯನ್ನು ಕಂಡರು. ಸೀಗಲ್ ತಮ್ಮ ಪ್ರತಿ ವಿದ್ಯಾರ್ಥಿಯೂ ಒಬ್ಬ ರೋಗಿಯನ್ನು ಮೊದಲಿನಿಂದ ಕೊನೆಯವರೆಗೆ ಪರೀಕ್ಷಿಸುವುದನ್ನು ಪಕ್ಕದಲ್ಲಿ ಕುಳಿತು ಪೂರ್ತಿ ನೋಡುತ್ತಿದ್ದರು. ಆಗಿನ ಕಾಲಕ್ಕೆ ಇದು ಅಪರೂಪ. ಹಾಗೆ ನೋಡಿದಾಗ, ವರದಿಯನ್ನು ಚೆನ್ನಾಗಿ ಒಪ್ಪಿಸುವ ವಿದ್ಯಾರ್ಥಿಗಳಲ್ಲಿಯೂ ಮೂಲಭೂತ ಕೊರತೆಗಳು ಎದ್ದು ಕಾಣುತ್ತಿದ್ದವು.

ಎರಡನೆಯ ಪ್ರಸಂಗ ಇನ್ನೂ ಸ್ವಾರಸ್ಯಕರ. ನರರೋಗ ತಜ್ಞರ ಅರ್ಹತಾ ಪರೀಕ್ಷೆಯೊಂದಕ್ಕೆ ರೋಗಿಗಳನ್ನು ಹೊಂದಿಸುವ ಜವಾಬ್ದಾರಿ ಬ್ಯಾರೋಸರ ಮೇಲೆ ಬಂದಿತ್ತು. ಒಬ್ಬನೇ ರೋಗಿಯನ್ನು ಹಲವು ಅಭ್ಯರ್ಥಿಗಳು ಒಬ್ಬರ ನಂತರ ಒಬ್ಬರು ಪರೀಕ್ಷಿಸುತ್ತಿದ್ದರು. ದಿನದ ಕೊನೆಗೆ ಹೇಗಿತ್ತು ಎಂದು ರೋಗಿಯನ್ನು ವಿಚಾರಿಸಿದಾಗ, ಒಬ್ಬ ಅಭ್ಯರ್ಥಿ ತನ್ನೊಡನೆ ಒರಟಾಗಿ ನಡೆದುಕೊಂಡದ್ದರಿಂದ ತಾನು ಬೇಕೆಂದೇ ರೋಗಲಕ್ಷಣಗಳನ್ನು ಬದಲಾಯಿಸಿ ತೋರಿಸಿದೆ ಎಂದು ಆತ ಹೇಳಿದನಂತೆ. ಈ ಪ್ರಸಂಗವನ್ನು ಬ್ಯಾರೋಸರೇ ಮುಂದೆ ಬರೆದುಕೊಂಡಿದ್ದಾರೆ. ಬೇರೆಯವರಾಗಿದ್ದರೆ ಇದನ್ನು ತಮಾಷೆಯ ಕಥೆಯಾಗಿ ಮರೆತುಬಿಡುತ್ತಿದ್ದರು. ಬ್ಯಾರೋಸರಿಗೆ ಇದರಲ್ಲಿ ಎರಡು ಸಂಗತಿಗಳು ಕಂಡವು. ನರರೋಗದ ಲಕ್ಷಣಗಳನ್ನು ಆರೋಗ್ಯವಂತ ವ್ಯಕ್ತಿಯೂ ಕಲಿತು ತೋರಿಸಬಹುದು ಎಂಬುದು ಒಂದು. ಅಭ್ಯರ್ಥಿ ಹೇಗೆ ನಡೆದುಕೊಂಡ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲವರು ಮಂಚದ ಮೇಲೆ ಮಲಗಿದವರೇ ಎಂಬುದು ಇನ್ನೊಂದು.

1963: ಪಾತ್ರಧಾರಿ ರೋಗಿ

ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದಾಗ, 1963ರಲ್ಲಿ ಬ್ಯಾರೋಸ್ ಈ ಯೋಚನೆಯನ್ನು ಕಾರ್ಯರೂಪಕ್ಕೆ ತಂದರು. ಕಲಾ ತರಗತಿಗಳಲ್ಲಿ ಚಿತ್ರಕಾರರಿಗೆ ಮಾದರಿಯಾಗಿ ಕುಳಿತುಕೊಳ್ಳುತ್ತಿದ್ದ ಒಬ್ಬ ಮಹಿಳೆಗೆ ಅವರು ತರಬೇತಿ ಕೊಟ್ಟರು. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗದಿಂದ ಕಾಲುಗಳ ಬಲ ಕಳೆದುಕೊಂಡ ರೋಗಿಯ ಪಾತ್ರ ಅದು. ಕಾಲು ಎಷ್ಟು ಸೆಟೆದುಕೊಳ್ಳಬೇಕು, ಯಾವ ಜಾಗದಲ್ಲಿ ಸ್ಪರ್ಶ ತಿಳಿಯುವುದಿಲ್ಲ ಎನ್ನಬೇಕು, ರೋಗ ಶುರುವಾದ ಕಥೆಯನ್ನು ಹೇಗೆ ಹೇಳಬೇಕು, ಯಾವ ಪ್ರಶ್ನೆ ಕೇಳಿದರೆ ಮಾತ್ರ ಯಾವ ವಿಷಯ ಬಾಯಿಬಿಡಬೇಕು, ಎಲ್ಲವನ್ನೂ ಆಕೆ ಕಲಿತರು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಪರೀಕ್ಷಿಸಿದರು. ಪ್ರತಿಯೊಬ್ಬರೂ ಹೋದ ಮೇಲೆ ಆಕೆ ಒಂದು ಪರಿಶೀಲನಾ ಪಟ್ಟಿಯಲ್ಲಿ ಅವರು ಏನು ಮಾಡಿದರು, ಏನು ಬಿಟ್ಟರು ಎಂದು ಗುರುತು ಹಾಕಿದರು.

ಇದರಿಂದ ಆದ ಲಾಭ ಸ್ಪಷ್ಟ. ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ರೋಗಿ, ಒಂದೇ ಕಷ್ಟದ ಮಟ್ಟ. ನಿಜವಾದ ರೋಗಿಗೆ ಆಯಾಸವಾಗುತ್ತದೆ, ನೋವಾಗುತ್ತದೆ, ಹೊಸಬರ ತಪ್ಪಿನಿಂದ ಹಾನಿಯೂ ಆಗಬಹುದು. ಇಲ್ಲಿ ಆ ಭಯವಿಲ್ಲ. ಸ್ಟೀಫನ್ ಅಬ್ರಹಾಮ್ಸನ್ ಅವರೊಡನೆ ಸೇರಿ ಬ್ಯಾರೋಸ್ 1964ರಲ್ಲಿ ಈ ತಂತ್ರದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅಬ್ರಹಾಮ್ಸನ್ ವೈದ್ಯರಲ್ಲ, ಶಿಕ್ಷಣಶಾಸ್ತ್ರಜ್ಞರು. ವೈದ್ಯಕೀಯ ಶಿಕ್ಷಣದ ಈ ದೊಡ್ಡ ಬದಲಾವಣೆಯ ಮೊದಲ ಪ್ರಬಂಧದಲ್ಲಿ ನಮ್ಮ ಕ್ಷೇತ್ರದವರೊಬ್ಬರ ಹೆಸರೂ ಇದೆ ಎಂಬುದನ್ನು ನಾವು ಗಮನಿಸಬೇಕು.

ಮೆಚ್ಚುಗೆ ಕೂಡಲೇ ಬರಲಿಲ್ಲ. ಹಾಲಿವುಡ್ ಪಕ್ಕದಲ್ಲೇ ಇದ್ದುದರಿಂದ, ವೈದ್ಯಕೀಯ ಕಾಲೇಜಿಗೆ ಸಿನಿಮಾದವರು ನುಗ್ಗಿದ್ದಾರೆ ಎಂಬ ಧಾಟಿಯಲ್ಲಿ ಪತ್ರಿಕೆಗಳು ಗೇಲಿ ಮಾಡಿದವು. ಸಹೋದ್ಯೋಗಿಗಳಲ್ಲಿ ಅನೇಕರಿಗೆ ಇದು ವಿದ್ಯೆಯ ಘನತೆಗೆ ತಕ್ಕದ್ದಲ್ಲ ಎನಿಸಿತು. ಆದರೆ ತಂತ್ರ ನಿಧಾನವಾಗಿ ಬೇರೂರಿತು. 1975ರಲ್ಲಿ ಸ್ಕಾಟ್ಲೆಂಡಿನ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವಿದ್ಯಾರ್ಥಿಗಳು ಹಲವು ಠಾಣೆಗಳನ್ನು ಸುತ್ತುತ್ತಾ ಒಂದೊಂದರಲ್ಲಿ ಒಂದೊಂದು ಕೌಶಲ ತೋರಿಸುವ ‘ಓಎಸ್‌ಸಿಇ’ ಪರೀಕ್ಷಾ ಪದ್ಧತಿಯನ್ನು ಪ್ರಕಟಿಸಿದ ಮೇಲೆ, ಪಾತ್ರಧಾರಿ ರೋಗಿಗೆ ಅದರಲ್ಲಿ ಸಹಜವಾದ ಸ್ಥಾನ ದೊರೆಯಿತು. ಇಂದು ನಮ್ಮ ದೇಶದ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಿಗೂ ಈ ಪದ್ಧತಿ ಪರಿಚಿತ. ಅಮೆರಿಕದಲ್ಲಿ ವೈದ್ಯವೃತ್ತಿ ಬಯಸುವ ಹೊರದೇಶಗಳ ಪದವೀಧರರು 1998ರಿಂದ ಪಾತ್ರಧಾರಿ ರೋಗಿಗಳ ಮುಂದೆ ಪರೀಕ್ಷೆ ಎದುರಿಸಬೇಕಾಯಿತು. ಇಲ್ಲಿಂದ ಹೋದ ನಮ್ಮ ವೈದ್ಯರೂ ಅವರಲ್ಲಿದ್ದರು. ಕೆನಡಾದ ಜೆಫ್ರಿ ನಾರ್ಮನ್ ಕೊಟ್ಟ ‘ಪ್ರಮಾಣೀಕೃತ ರೋಗಿ’ ಎಂಬ ಹೆಸರೇ ಕೊನೆಗೆ ರೂಢಿಗೆ ಬಂದಿತು.

ಇಲ್ಲಿ ಒಂದು ಕಾಕತಾಳೀಯವನ್ನು ಹೇಳಲೇಬೇಕು. ಅದೇ 1963ರಲ್ಲಿ, ಅದೇ ಕ್ಯಾಲಿಫೋರ್ನಿಯಾ ರಾಜ್ಯದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಸಂಗಡಿಗರು ಸೂಕ್ಷ್ಮಬೋಧನೆಯನ್ನು ರೂಪಿಸುತ್ತಿದ್ದರು. ಚಿಕ್ಕ ಪಾಠ, ಕೆಲವೇ ವಿದ್ಯಾರ್ಥಿಗಳು, ಒಂದೇ ಕೌಶಲ, ಒಡನೆಯೇ ಹಿಮ್ಮಾಹಿತಿ, ಮತ್ತೆ ಬೋಧನೆ. ಎರಡು ವೃತ್ತಿಗಳು ಒಂದೇ ಕಾಲದಲ್ಲಿ ಒಂದೇ ಮಾತಿಗೆ ಬಂದವು: ಕಲಿಯುವವರನ್ನು ಕೆಲಸ ಮಾಡುವಾಗಲೇ ನೋಡಬೇಕು, ತಪ್ಪಿದರೆ ಯಾರಿಗೂ ಹಾನಿಯಾಗದ ಜಾಗದಲ್ಲಿ ತಪ್ಪಲು ಬಿಡಬೇಕು, ಮತ್ತೆ ಮಾಡಿಸಬೇಕು.

ವೈದ್ಯರು ಹೇಗೆ ಯೋಚಿಸುತ್ತಾರೆ?

ಬ್ಯಾರೋಸರ ಎರಡನೆಯ ಆಸಕ್ತಿ ಮೊದಲನೆಯದರಿಂದಲೇ ಹುಟ್ಟಿತು. ಕೈ ಮಾಡುವ ಕೆಲಸವನ್ನು ನೋಡಬಹುದು, ತಲೆಯೊಳಗಿನ ಕೆಲಸವನ್ನು ನೋಡುವುದು ಹೇಗೆ? 1970ರ ದಶಕದಲ್ಲಿ ಅವರು ಮತ್ತು ಸಹ ಸಂಶೋಧಕರು ಒಂದು ಉಪಾಯ ಬಳಸಿದರು. ವೈದ್ಯರು ಪಾತ್ರಧಾರಿ ರೋಗಿಯನ್ನು ಪರೀಕ್ಷಿಸುವುದನ್ನು ಚಿತ್ರೀಕರಿಸಿ, ಮುಗಿದ ಕೂಡಲೇ ಆ ಚಿತ್ರವನ್ನು ಅದೇ ವೈದ್ಯರಿಗೆ ತೋರಿಸುತ್ತಾ, ಈ ಪ್ರಶ್ನೆ ಕೇಳಿದಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ವಿಚಾರಿಸಿದರು.

ಪಠ್ಯಪುಸ್ತಕಗಳ ಪ್ರಕಾರ ವೈದ್ಯರು ಮೊದಲು ಎಲ್ಲ ಮಾಹಿತಿ ಸಂಗ್ರಹಿಸಿ, ಆಮೇಲೆ ನಿರ್ಣಯಕ್ಕೆ ಬರಬೇಕು. ವಾಸ್ತವ ಹಾಗಿರಲಿಲ್ಲ. ರೋಗಿ ಬಂದು ಕುಳಿತ ಮೊದಲ ಕೆಲವೇ ನಿಮಿಷಗಳಲ್ಲಿ ವೈದ್ಯರ ಮನಸ್ಸಿನಲ್ಲಿ ಕೆಲವು ಊಹೆಗಳು ಮೂಡುತ್ತಿದ್ದವು. ಮುಂದಿನ ಪ್ರಶ್ನೆಗಳೆಲ್ಲ ಆ ಊಹೆಗಳನ್ನು ಪರೀಕ್ಷಿಸುವುದಕ್ಕಾಗಿ. ಇನ್ನೂ ಅಚ್ಚರಿಯ ಸಂಗತಿಯೆಂದರೆ, ಹೊಸ ವಿದ್ಯಾರ್ಥಿಗಳೂ ಇದೇ ರೀತಿಯಲ್ಲಿ ಯೋಚಿಸುತ್ತಿದ್ದರು. ವ್ಯತ್ಯಾಸ ಇದ್ದದ್ದು ಯೋಚಿಸುವ ವಿಧಾನದಲ್ಲಲ್ಲ, ಊಹೆಗಳ ಗುಣಮಟ್ಟದಲ್ಲಿ. ಅನುಭವಿಯ ಊಹೆಯ ಹಿಂದೆ ವ್ಯವಸ್ಥಿತವಾದ ಜ್ಞಾನವಿತ್ತು.

ಇದೇ ಪ್ರಶ್ನೆಯನ್ನು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಇನ್ನೊಂದು ತಂಡವೂ ಅಧ್ಯಯನ ಮಾಡುತ್ತಿತ್ತು. 1978ರಲ್ಲಿ ಪ್ರಕಟವಾದ ಅವರ ಪುಸ್ತಕದ ಲೇಖಕರು ಆರ್ಥರ್ ಎಲ್‌ಸ್ಟೈನ್, ಲೀ ಶುಲ್ಮನ್ ಮತ್ತು ಸಾರಾ ಸ್ಪ್ರಾಫ್ಕ. ಶುಲ್ಮನ್ ಎಂಬ ಹೆಸರು ಕೇಳಿದ ಕೂಡಲೇ ನಮ್ಮ ಓದುಗರ ಕಿವಿ ನೆಟ್ಟಗಾಗಬಹುದು. ವಿಷಯದ ಜ್ಞಾನ ಬೇರೆ, ಆ ವಿಷಯವನ್ನು ಮಕ್ಕಳಿಗೆ ತಿಳಿಯುವಂತೆ ಮಾಡುವ ಜ್ಞಾನ ಬೇರೆ ಎಂದು 1986ರಲ್ಲಿ ಪ್ರತಿಪಾದಿಸಿದವರು ಇವರೇ. ಬೋಧನಾಶಾಸ್ತ್ರೀಯ ವಿಷಯಜ್ಞಾನ ಎಂದು ನಾವು ಪಾಠ ಮಾಡುವ ಪರಿಕಲ್ಪನೆ ಅದು. ಶಿಕ್ಷಕರ ಜ್ಞಾನದ ಬಗ್ಗೆ ಬರೆಯುವ ಮೊದಲು ಶುಲ್ಮನ್ ವರ್ಷಗಟ್ಟಲೆ ವೈದ್ಯರ ಆಲೋಚನೆಯನ್ನು ಅಧ್ಯಯನ ಮಾಡಿದ್ದರು. ಒಂದು ರೋಗದ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿದ ವೈದ್ಯ ಇನ್ನೊಂದರಲ್ಲಿಯೂ ಹಾಗೆಯೇ ಬಿಡಿಸುತ್ತಾನೆಂದು ಹೇಳಲಾಗದು ಎಂಬುದು ಆ ಪುಸ್ತಕದ ಮುಖ್ಯ ಫಲಿತಾಂಶಗಳಲ್ಲಿ ಒಂದು. ಅಂದರೆ, ವಿಷಯದಿಂದ ಬೇರ್ಪಟ್ಟ ‘ಸಮಸ್ಯೆ ಬಿಡಿಸುವ ಸಾಮಾನ್ಯ ಕೌಶಲ’ ಎಂಬುದನ್ನು ನಂಬಿ ಕೂರುವಂತಿಲ್ಲ.

ಸಮಸ್ಯೆಯೇ ಮೊದಲು

ಕೆನಡಾದ ಹ್ಯಾಮಿಲ್ಟನ್ ನಗರದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಒಂದು ಹೊಸ ವೈದ್ಯಕೀಯ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿ ಇಪ್ಪತ್ತು ವಿದ್ಯಾರ್ಥಿಗಳು. ಮೊದಲು ಎರಡು ವರ್ಷ ಅಂಗರಚನಾಶಾಸ್ತ್ರ, ಜೀವರಸಾಯನಶಾಸ್ತ್ರಗಳ ಉಪನ್ಯಾಸ, ಆಮೇಲೆ ರೋಗಿಯ ದರ್ಶನ ಎಂಬ ಹಳೆಯ ಕ್ರಮವನ್ನು ಸ್ಥಾಪಕ ಡೀನ್ ಜಾನ್ ಎವಾನ್ಸ್ ಮತ್ತು ಸಂಗಡಿಗರು ಕೈಬಿಟ್ಟರು. ಚಿಕ್ಕ ಗುಂಪಿನ ಮುಂದೆ ಮೊದಲ ದಿನದಿಂದಲೇ ಒಂದು ಸಮಸ್ಯೆಯನ್ನು ಇಟ್ಟರು. ಬ್ಯಾರೋಸ್ ಈ ಪದ್ಧತಿಯ ಏಕೈಕ ಜನಕರಲ್ಲ. ಅವರು 1970ರ ದಶಕದ ಆರಂಭದಲ್ಲಿ ಅಲ್ಲಿಗೆ ಸೇರಿದರು. ಆದರೆ ಆ ಪದ್ಧತಿಗೆ ಸ್ಪಷ್ಟವಾದ ರೂಪ, ಕಾರಣ ಮತ್ತು ಕ್ರಮವನ್ನು ಬರೆದುಕೊಟ್ಟವರಲ್ಲಿ ಅವರು ಪ್ರಮುಖರು. ರಾಬಿನ್ ಟ್ಯಾಂಬ್ಲಿನ್ ಅವರೊಡನೆ 1980ರಲ್ಲಿ ಬರೆದ ಪುಸ್ತಕ ಇಂದಿಗೂ ಈ ಕ್ಷೇತ್ರದ ಮೂಲಗ್ರಂಥಗಳಲ್ಲಿ ಒಂದು. 1981ರಲ್ಲಿ ಅವರು ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಗೆ ಹೋಗಿ, ವೃತ್ತಿಯ ಉಳಿದ ಭಾಗವನ್ನು ಅಲ್ಲಿ ಕಳೆದರು.

ಒಂದು ಅಧಿವೇಶನ ಹೇಗೆ ನಡೆಯುತ್ತದೆ? ಐದಾರು ವಿದ್ಯಾರ್ಥಿಗಳು, ಒಬ್ಬ ಸುಗಮಕಾರ, ಒಂದು ಹಲಗೆ. ಹಲಗೆಯ ಮೇಲೆ ನಾಲ್ಕು ಕಲಂ: ತಿಳಿದಿರುವ ಸಂಗತಿಗಳು, ನಮ್ಮ ಊಹೆಗಳು, ಕಲಿಯಬೇಕಾದ ವಿಷಯಗಳು, ಮುಂದೆ ಮಾಡಬೇಕಾದ ಕೆಲಸ. ರೋಗಿಯ ಮೊದಲ ಮಾತನ್ನಷ್ಟೇ ಕೊಡಲಾಗುತ್ತದೆ. ಉಳಿದದ್ದನ್ನು ವಿದ್ಯಾರ್ಥಿಗಳೇ ಕೇಳಿ ಪಡೆಯಬೇಕು. ತಿಳಿಯದಿರುವುದು ಮೂರನೆಯ ಕಲಂಗೆ ಹೋಗುತ್ತದೆ. ಅದನ್ನು ಹಂಚಿಕೊಂಡು ಓದಿ ಬಂದು, ಓದಿದ್ದನ್ನು ವರದಿ ಒಪ್ಪಿಸುವ ಬದಲು ಮತ್ತೆ ಅದೇ ಸಮಸ್ಯೆಗೆ ಅನ್ವಯಿಸುತ್ತಾರೆ.

ಇದರ ಗುರಿಗಳನ್ನು ಬ್ಯಾರೋಸ್ 1986ರ ಪ್ರಬಂಧವೊಂದರಲ್ಲಿ ನಾಲ್ಕಾಗಿ ಹೇಳಿದ್ದಾರೆ: ಜ್ಞಾನವನ್ನು ಬಳಕೆಗೆ ಒದಗುವ ರೀತಿಯಲ್ಲಿ ಜೋಡಿಸಿಕೊಳ್ಳುವುದು, ರೋಗನಿದಾನದ ಚಿಂತನೆಯನ್ನು ಬೆಳೆಸುವುದು, ಸ್ವನಿರ್ದೇಶಿತ ಕಲಿಕೆಯನ್ನು ರೂಢಿಸುವುದು, ಕಲಿಕೆಯ ಬಯಕೆಯನ್ನು ಹೆಚ್ಚಿಸುವುದು. ಸಮಸ್ಯೆಯನ್ನು ಪಾಠದ ಕೊನೆಗೆ ಅನ್ವಯದ ಅಭ್ಯಾಸವಾಗಿ ಮಾತ್ರ ಕೊಟ್ಟರೆ ಈ ಗುರಿಗಳು ಅಷ್ಟಾಗಿ ಈಡೇರುವುದಿಲ್ಲ ಎಂದೂ ಅದೇ ಪ್ರಬಂಧದಿಂದ ತಿಳಿಯುತ್ತದೆ. ನಮ್ಮ ಅನೇಕ ಪಾಠ ಯೋಜನೆಗಳು ಈ ತಪ್ಪನ್ನೇ ಮಾಡುತ್ತವೆ.

ಸುಗಮಕಾರನ ಕೆಲಸದ ಬಗ್ಗೆ ಬ್ಯಾರೋಸ್ ಬಹಳ ಕಟ್ಟುನಿಟ್ಟು. ಉತ್ತರ ತಿಳಿದಿದ್ದರೂ ಹೇಳಬಾರದು. ಸರಿ, ತಪ್ಪು ಎಂದು ತಟ್ಟನೆ ತೀರ್ಪು ಕೊಡಬಾರದು. ಏಕೆ ಹಾಗೆನಿಸಿತು, ಆ ಪದದ ಅರ್ಥವೇನು, ಅದು ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆಗಳನ್ನು ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಸಮವಾಗಿ ಕೇಳಬೇಕು. ತಪ್ಪಿಗೆ ಮಾತ್ರ ಏಕೆ ಎಂದು ಕೇಳಿದರೆ, ಆ ಪ್ರಶ್ನೆಯೇ ತಪ್ಪಿನ ಸೂಚನೆಯೆಂದು ವಿದ್ಯಾರ್ಥಿಗಳು ಬೇಗ ಕಲಿತುಬಿಡುತ್ತಾರೆ. ಗುಂಪು ಪಳಗಿದಂತೆ ಈ ಪ್ರಶ್ನೆಗಳನ್ನು ವಿದ್ಯಾರ್ಥಿಗಳೇ ಪರಸ್ಪರ ಕೇಳತೊಡಗುತ್ತಾರೆ. ಸುಗಮಕಾರ ಹಿಂದೆ ಸರಿಯುತ್ತಾನೆ. 2006ರಲ್ಲಿ ಸಿಂಡಿ ಮೆಲೊ-ಸಿಲ್ವರ್ ಅವರೊಡನೆ ಬ್ಯಾರೋಸ್ ತಮ್ಮದೇ ಅಧಿವೇಶನಗಳ ಚಿತ್ರೀಕರಣವನ್ನು ವಿಶ್ಲೇಷಿಸಿ ಒಂದು ಲೇಖನ ಪ್ರಕಟಿಸಿದರು. ಬೇರೆಯವರ ಬೋಧನೆಯನ್ನು ಕಣ್ಣಾರೆ ನೋಡಬೇಕೆಂದು ಜೀವನಪೂರ್ತಿ ಹೇಳಿದವರು ತಮ್ಮ ಬೋಧನೆಯನ್ನೂ ಹಾಗೆ ನೋಡಲು ಒಪ್ಪಿಸಿದ್ದರು.

ಆಕ್ಷೇಪಗಳು

ಈ ಪದ್ಧತಿಯನ್ನು ಸರ್ವರೋಗಕ್ಕೂ ಮದ್ದು ಎಂದು ಹೇಳಿದರೆ ಅದು ಬ್ಯಾರೋಸರಿಗೂ ಒಪ್ಪಿಗೆಯಾಗುತ್ತಿರಲಿಲ್ಲ. 1993ರಲ್ಲಿ ಪ್ರಕಟವಾದ ಎರಡು ದೊಡ್ಡ ಸಮೀಕ್ಷೆಗಳ ಪ್ರಕಾರ, ಸಮಸ್ಯಾಧಾರಿತ ಕಲಿಕೆಯ ವಿದ್ಯಾರ್ಥಿಗಳು ಕಲಿಕೆಯನ್ನು ಹೆಚ್ಚು ಇಷ್ಟಪಟ್ಟರು, ರೋಗಿಗಳೊಡನೆ ಮಾಡುವ ಕೆಲಸದಲ್ಲಿ ತುಸು ಮುಂದಿದ್ದರು. ಆದರೆ ಮೂಲವಿಜ್ಞಾನದ ಲಿಖಿತ ಪರೀಕ್ಷೆಗಳಲ್ಲಿ ಮುಂದಿರಲಿಲ್ಲ, ಕೆಲವೆಡೆ ಹಿಂದೆಯೇ ಇದ್ದರು. 2006ರಲ್ಲಿ ಪೌಲ್ ಕಿರ್ಶ್ನರ್, ಜಾನ್ ಸ್ವೆಲ್ಲರ್ ಮತ್ತು ರಿಚರ್ಡ್ ಕ್ಲಾರ್ಕ್, ಮಾರ್ಗದರ್ಶನ ಕಡಿಮೆ ಇರುವ ಬೋಧನೆ ಹೊಸಬರ ಸ್ಮೃತಿಯ ಮೇಲೆ ಅತಿಯಾದ ಹೊರೆ ಹಾಕುತ್ತದೆ ಎಂದು ಬಲವಾಗಿ ವಾದಿಸಿದರು. ಮರುವರ್ಷ ಮೆಲೊ-ಸಿಲ್ವರ್ ಮತ್ತು ಸಂಗಡಿಗರು, ಸಮಸ್ಯಾಧಾರಿತ ಕಲಿಕೆಯಲ್ಲಿ ಮಾರ್ಗದರ್ಶನ ಕಡಿಮೆಯಿಲ್ಲ, ಅದು ಉಪನ್ಯಾಸದ ರೂಪದಲ್ಲಿಲ್ಲ ಅಷ್ಟೆ ಎಂದು ಉತ್ತರಿಸಿದರು.

ಈ ಚರ್ಚೆಯಿಂದ ನಾವು ತೆಗೆದುಕೊಳ್ಳಬೇಕಾದ ಎಚ್ಚರಿಕೆ ಒಂದಿದೆ. ‘ಶಿಕ್ಷಕ ಸುಗಮಕಾರ’ ಎಂಬ ಮಾತನ್ನು ಹಿಡಿದುಕೊಂಡು ತರಗತಿಯಲ್ಲಿ ಸುಮ್ಮನೆ ನಿಂತರೆ ಅದು ಬ್ಯಾರೋಸರ ದಾರಿಯಲ್ಲ. ಅವರು ಉತ್ತರ ಹೇಳುತ್ತಿರಲಿಲ್ಲ ನಿಜ, ಆದರೆ ಸುಮ್ಮನಿರುತ್ತಲೂ ಇರಲಿಲ್ಲ. ಯಾವ ಕ್ಷಣದಲ್ಲಿ ಯಾವ ಪ್ರಶ್ನೆ ಕೇಳಬೇಕೆಂದು ತಿಳಿಯಲು ಮಗುವಿನ ತಲೆಯಲ್ಲಿ ಏನು ನಡೆಯುತ್ತಿದೆ ಎಂಬ ಊಹೆ ಶಿಕ್ಷಕರಿಗೆ ಇರಲೇಬೇಕು. ಆ ಊಹೆ ವಿಷಯದ ಆಳವಾದ ತಿಳಿವಳಿಕೆಯಿಂದ ಮಾತ್ರ ಬರುತ್ತದೆ.

ನಮ್ಮ ಬೋಧನಾಭ್ಯಾಸದಲ್ಲಿ

ಈಗ ಆ ಆರನೆಯ ತರಗತಿಗೆ ಹಿಂದಿರುಗೋಣ. ನಮ್ಮಲ್ಲಿ ಸೂಕ್ಷ್ಮಬೋಧನೆಯ ಆವರ್ತನ 36 ನಿಮಿಷಗಳದ್ದು: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಸಹಪಾಠಿಗಳೇ ವಿದ್ಯಾರ್ಥಿಗಳಾಗಿ ಕೂರುತ್ತಾರೆ. ತೊಡಕು ಇರುವುದು ಇಲ್ಲಿಯೇ. ಸಹಪಾಠಿಗಳು ಎಲ್ಲ ಪ್ರಶ್ನೆಗೂ ಸರಿಯಾದ ಉತ್ತರ ಕೊಡುತ್ತಾರೆ, ಇಲ್ಲವೆ ನಗಿಸಲು ತುಂಟಾಟ ಮಾಡುತ್ತಾರೆ. ನಿಜವಾದ ಮಗುವಿನ ನಿಜವಾದ ತಪ್ಪು ಅಲ್ಲಿ ಬರುವುದೇ ಇಲ್ಲ. ಪ್ರಶಿಕ್ಷಣಾರ್ಥಿ ಅದನ್ನು ಮೊದಲ ಬಾರಿಗೆ ಎದುರಿಸುವುದು ನಲವತ್ತು ಮಕ್ಕಳ ಮುಂದೆ.

ಬ್ಯಾರೋಸ್ ಆ ಮಹಿಳೆಗೆ ತರಬೇತಿ ಕೊಟ್ಟಂತೆ ನಾವು ಒಬ್ಬ ಸಹಪಾಠಿಗೆ ಕೊಡಬಹುದು. ಅದಕ್ಕೆ ಬೇಕಾದದ್ದು ಒಂದು ಪಾತ್ರದ ಚೀಟಿ. ಭಿನ್ನರಾಶಿಯ ಪಾಠಕ್ಕೆ ನಾನು ಈಗ ಬಳಸುತ್ತಿರುವ ಚೀಟಿ ಹೀಗಿದೆ:

‘ನೀನು ಆರನೆಯ ತರಗತಿಯ ಹುಡುಗ. 1/3 ಮತ್ತು 1/4ರಲ್ಲಿ ಯಾವುದು ದೊಡ್ಡದೆಂದು ಕೇಳಿದರೆ 1/4 ಎನ್ನುತ್ತೀಯ. ಏಕೆ ಎಂದು ಕೇಳಿದರೆ ಮಾತ್ರ “ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ” ಎನ್ನುತ್ತೀಯ. ತಪ್ಪು ಎಂದು ಕೂರಿಸಿದರೆ ಮುಂದಿನ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. “ಛೇದ ದೊಡ್ಡದಾದರೆ ಭಿನ್ನರಾಶಿ ಚಿಕ್ಕದು” ಎಂಬ ನಿಯಮ ಹೇಳಿಕೊಟ್ಟರೆ ಒಪ್ಪುತ್ತೀಯ, ಆದರೆ 3/4 ಮತ್ತು 1/2 ಕೇಳಿದಾಗ ಅದೇ ನಿಯಮ ಹಿಡಿದು 1/2 ದೊಡ್ಡದು ಎನ್ನುತ್ತೀಯ. ಒಂದೇ ಅಳತೆಯ ಎರಡು ರೊಟ್ಟಿಗಳಲ್ಲಿ ಒಂದನ್ನು ಮೂವರು, ಇನ್ನೊಂದನ್ನು ನಾಲ್ವರು ಹಂಚಿಕೊಂಡರೆ ಯಾರ ಪಾಲು ಹೆಚ್ಚು ಎಂದು ಕೇಳಿದರೆ, ಅಥವಾ ಸಮನಾದ ಕಾಗದದ ಪಟ್ಟಿಗಳನ್ನು ಮಡಚಿ ನೋಡಲು ಕೊಟ್ಟರೆ, ಯೋಚಿಸಿ ನಿನ್ನ ಉತ್ತರವನ್ನು ನೀನೇ ತಿದ್ದಿಕೊಳ್ಳುತ್ತೀಯ.’

ಇದನ್ನು ಮಾಡುವಾಗ ಗಮನಿಸಬೇಕಾದ ಅಂಶಗಳು:

1. ಪಾತ್ರಧಾರಿ ನಗಿಸಬಾರದು, ಮಗುವನ್ನು ಅಣಕಿಸಬಾರದು. ತಪ್ಪಿನ ಹಿಂದೆ ಮಗುವಿಗೆ ಒಂದು ತರ್ಕವಿದೆ. ಪಾತ್ರಧಾರಿ ಆ ತರ್ಕವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದಿರಬೇಕು.

2. ಚೀಟಿಯಲ್ಲಿ ಏನಿದೆ ಎಂದು ಬೋಧಿಸುವವರಿಗೆ ಮೊದಲೇ ತಿಳಿದಿರಬಾರದು. ಒಂದೇ ಪಾತ್ರವನ್ನು ಇಬ್ಬರು ಮೂವರು ಪ್ರಶಿಕ್ಷಣಾರ್ಥಿಗಳು ಬೇರೆ ಬೇರೆಯಾಗಿ ಎದುರಿಸಿದರೆ ಹೋಲಿಕೆಗೆ ಅನುಕೂಲ.

3. ಪಾಠ ಮುಗಿದ ಕೂಡಲೇ ಮೊದಲ ಹಿಮ್ಮಾಹಿತಿ ಪಾತ್ರಧಾರಿಯಿಂದ ಬರಲಿ. “ನೀವು ಕಾರಣ ಕೇಳಿದಾಗ ಹೇಳಬಹುದು ಅನ್ನಿಸಿತು,” “ಬೇರೆಯವರನ್ನು ಎಬ್ಬಿಸಿದಾಗ ನನ್ನನ್ನು ಬಿಟ್ಟುಬಿಟ್ಟರು ಅನ್ನಿಸಿತು” ಎಂಬ ಮಾತುಗಳನ್ನು ಹಿಂದೆ ಕುಳಿತ ಉಪನ್ಯಾಸಕರು ಹೇಳಲಾರರು.

4. ಪರಿಶೀಲನಾ ಪಟ್ಟಿ ಚಿಕ್ಕದಿರಲಿ. ಕಾರಣ ಕೇಳಿದರೇ? ಉತ್ತರಕ್ಕೆ ಕಾದರೇ? ಮೂರ್ತ ವಸ್ತು ಅಥವಾ ಚಿತ್ರ ಬಳಸಿದರೇ? ಇನ್ನೊಂದು ಉದಾಹರಣೆಯಿಂದ ಪರೀಕ್ಷಿಸಿದರೇ? ಮಗು ಮತ್ತೊಮ್ಮೆ ಬಾಯಿಬಿಟ್ಟಿತೇ? ಈ ಐದು ಸಾಕು.

5. ಚೀಟಿ ವಿಷಯಕ್ಕೆ ಕಟ್ಟುಬಿದ್ದಿರಲಿ. ‘ಆಳಶೋಧಕ ಪ್ರಶ್ನೆಯ ಕೌಶಲ’ವನ್ನು ಗಣಿತದಲ್ಲಿ ಗಳಿಸಿದವರು ಇತಿಹಾಸದಲ್ಲಿಯೂ ತಾನಾಗಿ ಬಳಸುತ್ತಾರೆಂದು ನಂಬುವಂತಿಲ್ಲ. ವೈದ್ಯರ ಅಧ್ಯಯನಗಳು ನಮಗೆ ಕೊಡುವ ಎಚ್ಚರಿಕೆ ಇದೇ. ವಿಜ್ಞಾನಕ್ಕೆ, ಕನ್ನಡಕ್ಕೆ, ಸಮಾಜ ವಿಜ್ಞಾನಕ್ಕೆ ಆಯಾ ವಿಧಾನದ ಉಪನ್ಯಾಸಕರು ತಮ್ಮ ಮಕ್ಕಳ ನಿಜವಾದ ತಪ್ಪುಗಳಿಂದಲೇ ಚೀಟಿ ಬರೆಯಬೇಕು.

ಪಾತ್ರ ಮಗುವಿನದೇ ಆಗಬೇಕೆಂದಿಲ್ಲ. ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಬೆಂಜಮಿನ್ ಡಾಟ್ಗರ್ ಅವರು ವೈದ್ಯಕೀಯದ ಈ ತಂತ್ರವನ್ನೇ ಶಿಕ್ಷಕ ಶಿಕ್ಷಣಕ್ಕೆ ತಂದು, ಪೋಷಕರ ಪಾತ್ರ ವಹಿಸಲು ತರಬೇತಿ ಪಡೆದವರೊಡನೆ ಭಾವಿ ಶಿಕ್ಷಕರು ಮಾತುಕತೆ ನಡೆಸುವ ಅಭ್ಯಾಸವನ್ನು ರೂಪಿಸಿದ್ದಾರೆ. ಮಗ ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿದ್ದಾನೆ ಎಂದು ಮಾತನಾಡಲು ಬಂದ ತಾಯಿ, ಮಗಳ ಅಂಕ ಕಡಿಮೆಯಾಯಿತೆಂದು ಸಿಟ್ಟಾದ ತಂದೆ, ಇಂಥ ಪಾತ್ರಗಳನ್ನು ಬರೆಯಲು ನಮಗೇನೂ ಕೊರತೆಯಿಲ್ಲ. ಪೋಷಕರೊಡನೆ ಮಾತನಾಡುವುದು ಹೇಗೆಂದು ನಾವು ಬಿ.ಎಡ್.ನಲ್ಲಿ ಬಾಯಿಮಾತಿನಲ್ಲಿ ಹೇಳುತ್ತೇವೆ, ಮಾಡಿಸುವುದು ಅಪರೂಪ.

ಇನ್ನು ಅವಲೋಕನದ ಮಾತು. ಒಬ್ಬ ಉಪನ್ಯಾಸಕರಿಗೆ ಹತ್ತಿಪ್ಪತ್ತು ಪ್ರಶಿಕ್ಷಣಾರ್ಥಿಗಳಿರುವಾಗ ಪ್ರತಿ ಪಾಠವನ್ನೂ ಪೂರ್ತಿ ನೋಡುವುದು ಸಾಧ್ಯವಿಲ್ಲ ಎಂಬುದನ್ನು ನಾನೂ ಬಲ್ಲೆ. ಆದರೆ ಎಲ್ಲ ಪಾಠಗಳನ್ನೂ ಹತ್ತತ್ತು ನಿಮಿಷ ನೋಡುವುದಕ್ಕಿಂತ, ಪ್ರತಿಯೊಬ್ಬರ ಕೆಲವು ಪಾಠಗಳನ್ನಾದರೂ ಗಂಟೆ ಹೊಡೆಯುವವರೆಗೆ ಕುಳಿತು ನೋಡುವುದು ಮೇಲು. ಉಳಿದ ಪಾಠಗಳನ್ನು ಸಹಪಾಠಿಯೊಬ್ಬರು ಪಟ್ಟಿ ಹಿಡಿದು ನೋಡಲಿ. ಶಾಲೆಯ ಮುಖ್ಯೋಪಾಧ್ಯಾಯರ ಒಪ್ಪಿಗೆಯಿದ್ದಲ್ಲಿ, ಪ್ರಶಿಕ್ಷಣಾರ್ಥಿ ತನ್ನ ಮಾತನ್ನಷ್ಟೇ ಧ್ವನಿಮುದ್ರಿಸಿಕೊಂಡು ಸಂಜೆ ಮಾರ್ಗದರ್ಶಕರೊಡನೆ ಕೇಳಲಿ. ಮುದ್ರಣವನ್ನು ನಿಲ್ಲಿಸಿ “ಇಲ್ಲಿ ನಿನ್ನ ಮನಸ್ಸಿನಲ್ಲಿ ಏನಿತ್ತು?” ಎಂದು ಕೇಳುವುದೇ ಬ್ಯಾರೋಸರು ವೈದ್ಯರಿಗೆ ಮಾಡಿದ ಕೆಲಸ. ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ, ನಮ್ಮ ತಾಳ್ಮೆ ಬೇಕು.

ಆ ಪ್ರಶಿಕ್ಷಣಾರ್ಥಿನಿಯ ಅವಲೋಕನ ಪುಸ್ತಕದಲ್ಲಿ ನಾನು ಬರೆದ ‘ಉತ್ತಮ’ ಹಾಗೆಯೇ ಉಳಿದಿದೆ. ಅದನ್ನು ತಿದ್ದಲು ಹೋಗಲಿಲ್ಲ. ಮರುವಾರ ಅವರೇ ಕಾಗದದ ಪಟ್ಟಿಗಳನ್ನು ಕತ್ತರಿಸಿಕೊಂಡು ಅದೇ ತರಗತಿಗೆ ಹೋದರು. ಆ ಹುಡುಗನನ್ನು ಹತ್ತಿರ ಕರೆದು, “ನೀನು ಅವತ್ತು ಹಾಗೆ ಹೇಳಿದ್ಯಲ್ಲ, ಯಾಕೆ ಹಾಗನ್ನಿಸ್ತು, ಹೇಳಪ್ಪ,” ಎಂದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದ. ಈ ಸಲ ನಾನು ಗಂಟೆ ಹೊಡೆಯುವವರೆಗೆ ಅಲ್ಲಿಯೇ ಇದ್ದೆ.